ಬಾಡಿಗೆ ಕಡಿಮೆ ಅಂತ ಬೆಂಗಳೂರು ಬಿಡೋ ಮುಂಚೆ ಮನೆ ಹೆಣ್ಣುಮಗಳ ಪಗಾರ ಲೆಕ್ಕಕ್ಕೆ ಹಿಡೀರಿ

ಹೋದ ತಿಂಗಳು ಒಂದು ಭಾನುವಾರ ಬೆಂಗಳೂರಿನ ದಾಸರಹಳ್ಳಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮನೆ ಮಾಲೀಕರು ಬಾಡಿಗೆಯನ್ನು 9,500ರಿಂದ 10,500 ಮಾಡ್ತೀನಿ ಅಂದಿದ್ದರು. ಅದೇ ವಾರ ಹಡಗಲಿ ತಾಲ್ಲೂಕಿನ ಊರಿಂದ ಫೋನ್ ಬಂದಿತ್ತು. ಲಕ್ವ ಹೊಡೆದು ಮಲಗಿರುವ ಭಾವನ ಅಪ್ಪ ಮತ್ತೆ ಬಿದ್ದಿದ್ದರು. ಎತ್ತಿ ಕೂರಿಸಲು ಅತ್ತೆ ಒಬ್ಬರೇ.

"ಸಾಕಾತಪ್ಪ. ಹೊಸಪೇಟಿಗೆ ಬಂದುಬಿಡ್ತೀವಿ. ಬಾಡಿಗಿ ಅರ್ಧ, ಊರಿಗೆ ಎರಡೂವರಿ ತಾಸು" ಅಂದರು ಭಾವ.

ನಾನು ಕೂಡಲೇ "ಬಂದುಬಿಡ್ರಿ" ಅಂದೆ. ಅಕ್ಕ ಏನೂ ಮಾತಾಡಲಿಲ್ಲ. ಮಗಳ ಹಳೇ ನೋಟ್‌ಬುಕ್ ತಂದು ಹಿಂದಿನ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು. "ಮೊದಲು ಬರಿ. ಆಮೇಲೆ ಹೇಳು" ಅಂದಳು.

ಆ ಹಾಳೆಯಲ್ಲಿ ಬಂದ ಲೆಕ್ಕವನ್ನು ನಿಮ್ಮ ಮುಂದೆ ಇಡಬೇಕು ಅನಿಸಿ ಇದನ್ನು ಬರೆಯುತ್ತಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನಲ್ಲಿ ಬೆಂಗಳೂರಿನಲ್ಲಿ ಒಬ್ಬರಾದರೂ ಇಲ್ಲದ ಓಣಿ ಸಿಗೋದು ಕಷ್ಟ. ರಾತ್ರಿ ನಮ್ಮ ಕಡೆಯಿಂದ ಹೊರಟ ಬಸ್ಸು ಬೆಳಗಿನ ಜಾವ ತುಮಕೂರು ರಸ್ತೆಗೆ ಬಂದಾಗ 8ನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯದಲ್ಲಿ ಚೀಲ ಹಿಡಿದು ಇಳಿಯುವವರನ್ನು ನೋಡಿ. ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಬಸ್ಸು ಅರ್ಧ ಖಾಲಿ. ನಮ್ಮವರು ಇರೋದು ಪೇಟೆ ನಡುವೆ ಅಲ್ಲ, ಪೀಣ್ಯದ ಸುತ್ತಮುತ್ತಲ ಬಡಾವಣೆಗಳಲ್ಲಿ.

ದಾಸರಹಳ್ಳಿಯ ಲೆಕ್ಕ

ಭಾವ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಮಷೀನ್ ನಡೆಸುತ್ತಾರೆ. ಕೈಗೆ 19,500. ಪಿಎಫ್ ಇಲ್ಲ. ಅಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಟೇಲರ್. ಪಿಎಫ್, ಇಎಸ್‌ಐ ಹಿಡಿದು ಕೈಗೆ 12,400. ಇಬ್ಬರದೂ ಸೇರಿ 31,900.

ಖರ್ಚು: ಬಾಡಿಗೆ 9,500. ನೀರು, ಕಸ 500. ಇಬ್ಬರು ಮಕ್ಕಳ ಶಾಲೆ, ವ್ಯಾನು ತಿಂಗಳಿಗೆ ಹಂಚಿದರೆ 5,500. ಕಿರಾಣಿ, ಹಾಲು, ಗ್ಯಾಸು 9,000. ಬೈಕಿನ ಪೆಟ್ರೋಲು 1,200. ಔಷಧಿ, ಮೊಬೈಲು 1,000. ಹಬ್ಬಕ್ಕೆ, ಸಾವು-ನೋವಿಗೆ ಊರಿಗೆ ಹೋಗಿ ಬರೋದು ತಿಂಗಳ ಸರಾಸರಿ 1,500. ಒಟ್ಟು 28,200.

ಉಳಿಯೋದು 3,700. ಬಾಡಿಗೆ ಏರಿದರೆ 2,700.

ಈ ಉಳಿಕೆ ಹೀಗೆ ಕರಗಿದ್ದು ಒಂದೇ ಸಲಕ್ಕೆ ಅಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15 ಏರಿತು. ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿತು, ದೂರದ ಟಿಕೆಟ್ 90 ರೂಪಾಯಿಗೆ ಹೋಯಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆಯಿತು. ಅದಕ್ಕೂ ಮುಂಚೆ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರಿನ ಹೊರವಲಯ ಟ್ಯಾಂಕರ್ ನೀರಿಗೆ ದುಡ್ಡು ಸುರಿಯಿತು.

ಬೆಂಗಳೂರಿನಲ್ಲಿ ಬದುಕೋದು ದುಬಾರಿ ಅನ್ನೋದು ಸರ್ಕಾರಕ್ಕೂ ಗೊತ್ತು. ಅದಕ್ಕೇ ತನ್ನ ನೌಕರರಿಗೆ ಬೆಂಗಳೂರಿನಲ್ಲಿ ಮೂಲ ವೇತನದ ಶೇ 20ರಷ್ಟು ಮನೆ ಬಾಡಿಗೆ ಭತ್ಯೆ ಕೊಡುತ್ತದೆ, ಸಣ್ಣ ಊರುಗಳಲ್ಲಿ ಶೇ 7.5. ಭಾವನಂಥವರಿಗೆ ಆ ವ್ಯತ್ಯಾಸವನ್ನು ಯಾರೂ ಕೊಡೋದಿಲ್ಲ, ತಮ್ಮ ಹೊಟ್ಟೆಯಿಂದ ತುಂಬಬೇಕು.

ಹೊಸಪೇಟೆಯ ಲೆಕ್ಕ

ಪುಟ ತಿರುಗಿಸಿ ಹೊಸಪೇಟೆ ಬರೆದೆವು. ಎರಡು ಕೋಣೆ ಮನೆ, ಪೇಟೆಯಿಂದ ಸ್ವಲ್ಪ ಹೊರಗೆ, 5,500. ನೀರು 200. ಶಾಲೆ 3,500. ಕಿರಾಣಿ 8,000. ಅಕ್ಕಿ, ಎಣ್ಣೆ, ಗ್ಯಾಸಿನ ಬೆಲೆ ಅಲ್ಲೂ ಅಷ್ಟೇ. ಊರಿಂದ ಜೋಳ, ಶೇಂಗಾ ಬಂದರೆ ಒಂದು ಸಾವಿರ ಉಳಿದೀತು ಅಷ್ಟೆ. ಪೆಟ್ರೋಲು 1,500. ಔಷಧಿ, ಮೊಬೈಲು 1,000. ಊರಿಗೆ ಹೋಗಿ ಬರೋದು 500. ಒಟ್ಟು 20,200. ತಿಂಗಳಿಗೆ 8,000 ಖರ್ಚು ಕಡಿಮೆ ಆಯಿತು. ಭಾವ ಮುಗುಳ್ನಕ್ಕರು.

ಆಮೇಲೆ ಆದಾಯದ ಸಾಲು ಬಂತು. ಭಾವ ಎರಡು ಕಡೆ ಫೋನ್ ಮಾಡಿ ಕೇಳಿದ್ದರು. ಅವರ ಕೆಲಸಕ್ಕೆ 14,000 ಕೊಡ್ತೀವಿ ಅಂದಿದ್ದರು. ಅಕ್ಕನ ಸಾಲಿನ ಮುಂದೆ ಏನು ಬರೆಯೋದು?

ಯಾರೂ ಕೇಳಿರಲೇ ಇಲ್ಲ. ಹೊಸಪೇಟೆಗೆ ಹೋಗೋಣ ಅನ್ನುವ ಮಾತು ಆರು ತಿಂಗಳಿಂದ ನಡೆದಿದೆ. ಭಾವನ ಕೆಲಸ ಕೇಳಿದ್ದಾರೆ, ಮನೆ ನೋಡಿದ್ದಾರೆ, ಮಕ್ಕಳ ಶಾಲೆ ವಿಚಾರಿಸಿದ್ದಾರೆ. ತಿಂಗಳಿಗೆ 12,400 ತರುವ ಹೆಂಗಸು ಅಲ್ಲಿ ಏನು ಮಾಡ್ತಾಳೆ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಕ ಮನೆಯಲ್ಲೇ ಇದ್ದರೆ ಆದಾಯ 14,000, ಖರ್ಚು 20,200. ತಿಂಗಳಿಗೆ 6,200 ಸಾಲ. ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಹೋದರೆ ಒಂದು 7,000 ಸಿಗಬಹುದು. ಆಗ ಒಟ್ಟು 21,000, ಉಳಿಯೋದು 800. ಖರ್ಚು 8,000 ಇಳಿಯಿತು ಅಂತ ಖುಷಿಪಟ್ಟೆವಲ್ಲ, ಆದಾಯ 10,900 ಇಳಿದಿತ್ತು.

ಇದು ಒಂದು ಮನೆಯ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ಆದರೆ ಇಂಥ ಮಾತು ನಡೆಯುವ ಮನೆಗಳಲ್ಲಿ ನಾನು ಗಮನಿಸಿದ್ದು ಒಂದೇ. ಬಾಡಿಗೆ ಎಷ್ಟು ಉಳಿಯುತ್ತೆ ಅಂತ ಎಲ್ಲರೂ ಬಾಯಿಪಾಠ ಹೇಳ್ತಾರೆ. ಹೆಂಡತಿಯ ಪಗಾರ ಎಷ್ಟು ಹೋಗುತ್ತೆ ಅಂತ ಯಾರೂ ಕೂಡಿಸೋದಿಲ್ಲ. ಅದು ಮೇಲಿನ ಕಾಸು ಅನ್ನೋ ಭಾವನೆ. ಅಕ್ಕನ ಮನೆಯಲ್ಲಿ ಬಾಡಿಗೆ ಕಟ್ಟಿ, ನೀರಿನ ದುಡ್ಡು ಕೊಟ್ಟು ಉಳಿಯೋಷ್ಟು ದುಡ್ಡು ಆ "ಮೇಲಿನ ಕಾಸು".

ಕಾಣದ ಉಳಿತಾಯ

ಅಕ್ಕನ ಪಗಾರದ ಚೀಟಿ ತೆಗೆಸಿದೆ. ಪಿಎಫ್ ಹಿಡಿಯುವ ವೇತನ 13,000. ಅದರಲ್ಲಿ ಶೇ 12 ಅವಳ ಪಾಲು. ಮಾಲೀಕರೂ ಅಷ್ಟೇ ಕಟ್ಟಬೇಕು. ಅವರ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದದ್ದು ಪಿಎಫ್‌ಗೆ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 2,000 ರೂಪಾಯಿ ಅವಳ ಪಿಎಫ್ ಖಾತೆಗೆ ಬೀಳುತ್ತಿದೆ. ಮನೆಯ ಉಳಿತಾಯ 3,700 ಅಂದುಕೊಂಡಿದ್ದೆವು. ನಿಜಕ್ಕೂ ಅದು 5,700. ಇಎಸ್‌ಐ ಬೇರೆ ಇದೆ. ಮಗನಿಗೆ ಡೆಂಗಿ ಆದಾಗ ಬಿಲ್ಲು ಇಲ್ಲದೆ ಹೊರಬಂದದ್ದು ಅದರಿಂದ.

ಪಿಂಚಣಿ ಇನ್ನೂ ಮುಖ್ಯ. ಪಿಎಫ್ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ಅಕ್ಕನದು 8 ವರ್ಷ 4 ತಿಂಗಳು. ಈಗ ಬಿಟ್ಟು ಬಟ್ಟೆ ಅಂಗಡಿಗೆ ಸೇರಿದರೆ ಆ ಸೇವೆ ಅರ್ಧಕ್ಕೇ ನಿಲ್ಲುತ್ತದೆ. ಪಿಂಚಣಿ ದೊಡ್ಡ ಮೊತ್ತವಲ್ಲ ನಿಜ, ಕನಿಷ್ಠ ಮೊತ್ತ ತಿಂಗಳಿಗೆ 1,000 ಅಷ್ಟೆ. ಆದರೆ 58 ದಾಟಿದ ಮೇಲೆ ತನ್ನ ಹೆಸರಿಗೆ ತಾನು ದುಡಿದ ದುಡ್ಡು ಬರುವ ಹೆಂಗಸರು ನಮ್ಮ ಓಣಿಯಲ್ಲಿ ಎಷ್ಟು ಜನ ಇದ್ದಾರೆ?

ಈ ಪಿಎಫ್ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡದು ಅನ್ನೋದು 2016ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು. ಪಿಎಫ್ ಹಣ ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕು ಅನ್ನುವ ನಿಯಮದ ಸುದ್ದಿ ಹಬ್ಬಿದಾಗ ಸಾವಿರಾರು ಹೆಂಗಸರು ಫ್ಯಾಕ್ಟರಿ ಬಿಟ್ಟು ಬೆಂಗಳೂರಿನ ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತಿತು, ತುಮಕೂರು ರಸ್ತೆ ನಿಂತಿತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಆದ್ದರಿಂದ ಬೆಂಗಳೂರು ಬಿಡುವ ಹೆಣ್ಣುಮಕ್ಕಳಿಗೆ ಮೂರು ಮಾತು. ಒಂದು, 5 ವರ್ಷ ತುಂಬಿದ್ದರೆ ಗ್ರಾಚುಯಿಟಿ ನಿಮ್ಮ ಹಕ್ಕು. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದಿರೋ ಅಷ್ಟರಿಂದ ಗುಣಿಸಿ. ಅಕ್ಕನ ಲೆಕ್ಕದಲ್ಲಿ ವರ್ಷಕ್ಕೆ 7,500, 8 ವರ್ಷಕ್ಕೆ 60,000. ಅದನ್ನು ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೇಳಿ. ಎರಡು, ಪಿಎಫ್‌ನ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಬೇರೆ ಊರಲ್ಲಿ ಪಿಎಫ್ ಇರುವ ಕೆಲಸ ಸಿಕ್ಕರೆ ಅದೇ ನಂಬರ್ ಮುಂದುವರಿಯುತ್ತದೆ. ಮೂರು, 10 ವರ್ಷ ಆಗಿಲ್ಲ ಅಂತ ಪಿಂಚಣಿ ಹಣವನ್ನು ಅವಸರದಲ್ಲಿ ತೆಗೆದುಬಿಡಬೇಡಿ. ಅದರ ಬದಲು ಸ್ಕೀಮ್ ಸರ್ಟಿಫಿಕೇಟ್ ತಗೊಂಡರೆ ಹಳೆಯ ಸೇವೆ ಉಳಿದು, ಮುಂದಿನ ಕೆಲಸದ ಸೇವೆಗೆ ಸೇರುತ್ತದೆ.

ದಾವಣಗೆರೆ, ಬಳ್ಳಾರಿ

"ಹಂಗಾರೆ ದಾವಣಗೆರೆ ನೋಡೋಣು" ಅಂದರು ಭಾವ. ಹರಪನಹಳ್ಳಿ ಕಡೆಯವರಿಗೆ ದಾವಣಗೆರೆಯೇ ಪೇಟೆ, ದಾವಣಗೆರೆಯೇ ಆಸ್ಪತ್ರೆ. ಜಿಲ್ಲೆ ಯಾವುದೇ ಆಗಿರಲಿ, ಬಸ್ಸು ಹತ್ತೋದು ಅಲ್ಲಿಗೇ. 1997ರಿಂದ 2018ರವರೆಗೆ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಊರು ದೊಡ್ಡದು, ಕಾಲೇಜುಗಳು ಬಹಳ, ಕೆಲಸವೂ ಹೊಸಪೇಟೆಗಿಂತ ಹೆಚ್ಚು. ಆದರೆ ಕಾಲೇಜು ಬಡಾವಣೆಗಳ ಹತ್ತಿರ ವಿದ್ಯಾರ್ಥಿಗಳಿಂದಾಗಿ ಬಾಡಿಗೆ ಏರಿದೆ. ಕಡಿಮೆ ಬಾಡಿಗೆ ಬೇಕಾದರೆ ಹಳೇ ದಾವಣಗೆರೆ ಕಡೆ ಹುಡುಕಬೇಕು. ಇನ್ನೊಂದು ವಿಷಯ ನಮ್ಮವರು ಮರೆಯಬಾರದು. 371(ಜೆ) ಮೀಸಲಾತಿ ನಮ್ಮ ಐದೂ ತಾಲ್ಲೂಕಿಗೆ ಇದೆ, ದಾವಣಗೆರೆಗೆ ಇಲ್ಲ. ಮಕ್ಕಳು ಎಲ್ಲಿ ಹುಟ್ಟಿದರು, ಎಲ್ಲಿ ಓದಿದರು ಅನ್ನೋದು ಮುಂದೆ ಪ್ರಮಾಣಪತ್ರಕ್ಕೆ ಹೇಗೆ ಲೆಕ್ಕ ಆಗುತ್ತೆ ಅಂತ ಊರು ಬದಲಿಸುವ ಮುಂಚೆಯೇ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಆಗ ಅಕ್ಕ ಬಾಯಿ ಬಿಟ್ಟಳು. "ನನ್ನ ಕೆಲಸ ಹೊಲಿಯೂದು. ಹೊಲಿಯೂ ಕೆಲಸ ಎಲ್ಲಿ ಐತಿ ಅಂತ ಕೇಳ್ರಿ. ಬಳ್ಳಾರಿ ಯಾಕ ಯಾರೂ ಅನ್ನವಲ್ರಿ?"

ನಿಜ. ಬಳ್ಳಾರಿ ಜೀನ್ಸ್ ಅಂದರೆ ಹೊರರಾಜ್ಯದ ವ್ಯಾಪಾರಿಗಳಿಗೂ ಗೊತ್ತು. ಜೀನ್ಸ್ ಹೊಲಿಯುವ ನೂರಾರು ಘಟಕಗಳು ಅಲ್ಲಿವೆ. ಅಕ್ಕನ ಜೊತೆ ಒಂದೇ ಲೈನಿನಲ್ಲಿ ಕೂತಿದ್ದ ಒಬ್ಬಾಕೆ ಎರಡು ವರ್ಷದ ಹಿಂದೆ ಬಳ್ಳಾರಿಗೆ ಹೋಗಿದ್ದಾಳೆ. ಅಲ್ಲೇ ಫೋನ್ ಮಾಡಿದೆವು. ಪೀಸ್ ಲೆಕ್ಕ, ಆರ್ಡರ್ ಇದ್ದ ತಿಂಗಳು ಒಂಬತ್ತರವರೆಗೆ ಆಗುತ್ತೆ ಅಂದಳು. ಆರ್ಡರ್ ಇಲ್ಲದ ತಿಂಗಳು? "ಕುಂತು ತಿನ್ನಬೇಕು." ಪಿಎಫ್? ನಕ್ಕಳು. ಬಟ್ಟೆ ತೊಳೆದು ಬಣ್ಣ ಬಿಡಿಸುವ ಘಟಕಗಳಿಗೆ ಮಾಲಿನ್ಯದ ನೋಟಿಸ್ ಬಂದಾಗಲೆಲ್ಲ ಹೊಲಿಯುವವರ ಕೆಲಸವೂ ನಿಲ್ಲುತ್ತೆ ಅಂದಳು.

ಭಾವನ 14,500, ಅಕ್ಕನ 8,500 ಹಿಡಿದು, ಖರ್ಚು 20,500 ಹಾಕಿದರೆ 2,500 ಉಳಿಯುತ್ತೆ. ಬಾಡಿಗೆ ಏರಿದ ಮೇಲಿನ ದಾಸರಹಳ್ಳಿಗೂ ಇದಕ್ಕೂ 200 ರೂಪಾಯಿ ವ್ಯತ್ಯಾಸ, ಪಿಎಫ್ ಬಿಟ್ಟು. ಆದರೆ ಬಳ್ಳಾರಿಯಿಂದ ಹಡಗಲಿ ಹೊಸಪೇಟೆಯಷ್ಟು ಹತ್ತಿರ ಅಲ್ಲ. ಮುದುಕರು ಬಿದ್ದರೆ ತಾಸಿನಲ್ಲಿ ಬರಲಾಗದು. ಆದರೂ ಬೆಂಗಳೂರಿನಿಂದ ಬರುವಂತೆ ರಾತ್ರಿಯಿಡೀ ಬಸ್ಸಲ್ಲಿ ಕೂರಬೇಕಿಲ್ಲ.

ಅಗ್ಗದ ಊರು ಯಾಕೆ ಅಗ್ಗ

ಊರು ಅಗ್ಗ ಇರೋದಕ್ಕೆ ಒಂದು ಕಾರಣ ಅಲ್ಲಿ ಪಗಾರ ಕಡಿಮೆ ಇರೋದು. ಇನ್ನೊಂದು ಕಾರಣ, ಅಲ್ಲಿ ಒಂದೋ ಎರಡೋ ದಂಧೆ ನಂಬಿ ಎಲ್ಲರೂ ಬದುಕೋದು. ಹೊಸಪೇಟೆಯವರನ್ನು 2011ರ ಬಗ್ಗೆ ಕೇಳಿ. ಆ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಲೂಟಿ ಆ ಮಟ್ಟಕ್ಕೆ ಹೋಗಿತ್ತು. ಆದರೆ ಸಾಲ ಮಾಡಿ ಲಾರಿ ತಗೊಂಡವರು, ಡ್ರೈವರ್‌ಗಳು, ಗ್ಯಾರೇಜಿನವರು, ರಸ್ತೆ ಬದಿ ಖಾನಾವಳಿಯವರು ಒಟ್ಟಿಗೇ ಬಿದ್ದರು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪಕ್ಕದ ಹರಿಹರದಲ್ಲಿ ಲೇತ್ ಮಷೀನ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಭಾವನಂಥ ಮಷೀನ್ ಕೆಲಸದವರಿಗೆ ಮನೆ ಬಾಗಿಲಲ್ಲೇ ಇದ್ದ ಕೆಲಸ ಅದು.

ಪೀಣ್ಯದಲ್ಲಿ ಒಂದು ವರ್ಕ್‌ಶಾಪ್ ಮುಚ್ಚಿದರೆ ಎರಡು ರಸ್ತೆ ಆಚೆ ಇನ್ನೊಂದು ಇರುತ್ತೆ. ಬೆಂಗಳೂರಿನ ಬಾಡಿಗೆಯಲ್ಲಿ ಅದರ ಬೆಲೆಯೂ ಸೇರಿದೆ. 2020ರ ಲಾಕ್‌ಡೌನ್‌ನಲ್ಲಿ ನಮ್ಮವರು ಸಾಮಾನು ಕಟ್ಟಿಕೊಂಡು ಊರಿಗೆ ಬಂದರು, ಇನ್ನು ಬೆಂಗಳೂರು ಬೇಡ ಅಂದರು. ವರ್ಷ ತುಂಬೋದರೊಳಗೆ ಬಹಳ ಮಂದಿ ಅದೇ ರಾತ್ರಿ ಬಸ್ಸು ಹತ್ತಿದರು.

ನಾನು ಹತ್ತಲಿಲ್ಲ. ಬೆಂಗಳೂರಿನ ಡೆಸ್ಕ್ ಕೆಲಸ ಬಿಟ್ಟು ಕೊಟ್ಟೂರಿಗೆ ಬಂದವನು ಇಲ್ಲೇ ಉಳಿದೆ. ಸುದ್ದಿ ಕಳಿಸಿದ ಲೆಕ್ಕಕ್ಕೆ ದುಡ್ಡು, ಆಗಿನ ಪಗಾರದ ಅರ್ಧವೂ ಇಲ್ಲ. ಆದರೂ ನಡೀತದೆ. ಯಾಕಂದರೆ ಅಪ್ಪ ಕಟ್ಟಿಸಿದ ಮನೆ, ಬಾಡಿಗೆ ಇಲ್ಲ. ಅವ್ವ ಅಡಿಗೆ ಮಾಡ್ತಾಳೆ, ಹೊಲದ ಜೋಳ ಬರುತ್ತೆ. "ನಾನು ಬಂದೆ, ನೀವೂ ಬರ್ರಿ" ಅಂತ ಅಕ್ಕನಿಗೆ ಹೇಳುವಾಗ ನನಗೆ ಇದ್ಯಾವುದೂ ನೆನಪಾಗಿರಲಿಲ್ಲ. ಹೊಸಪೇಟೆಯಲ್ಲಿ ಅಕ್ಕನಿಗೆ ಅಪ್ಪನ ಮನೆ ಇಲ್ಲ. ಊರಿಗೆ ವಾಪಸ್ ಬರೋದು ಬೇರೆ, ಇನ್ನೊಂದು ಪೇಟೆಗೆ ಬಾಡಿಗೆಗೆ ಹೋಗೋದು ಬೇರೆ.

ಹಾಗಂತ ಬರಬೇಡಿ ಅಂತಲ್ಲ

ಇಬ್ಬರ ಕೆಲಸವೂ ಗಟ್ಟಿ ಆದರೆ ಬನ್ನಿ. ನಾನಾದರೂ ಸಂತೋಷಪಡ್ತೀನಿ. ಮೊದಲು ಒಬ್ಬರು ಬಂದು ಎರಡು ತಿಂಗಳು ದುಡಿದು ನೋಡಲಿ. ಬೆಂಗಳೂರಿನ ಮನೆ ಬಿಡುವ ಮುಂಚೆ ಅಡ್ವಾನ್ಸ್ ಹಣ ಯಾವಾಗ ವಾಪಸ್, ಪೇಂಟಿಂಗ್ ಅಂತ ಎಷ್ಟು ಮುರ್ಕೊಳ್ತಾರೆ ಕೇಳಿ. ಆ ಹಣವೇ ಹೊಸ ಊರಿನ ಅಡ್ವಾನ್ಸ್ ಆಗಬೇಕು. ಮಕ್ಕಳ ಟಿಸಿ ಮಾರ್ಚ್-ಏಪ್ರಿಲ್‌ನಲ್ಲಿ ತೆಗೆಸಿ, ನಡುವರ್ಷದಲ್ಲಿ ಬೇಡ. ಗೃಹಜ್ಯೋತಿಯನ್ನು ಹಳೇ ಮನೆಯ ಮೀಟರ್‌ನಿಂದ ತೆಗೆಸಿ ಹೊಸ ಮನೆಗೆ ಜೋಡಿಸಿ. ಶಕ್ತಿ ಬಸ್ಸು ಎಲ್ಲಿದ್ದರೂ ಇದೆ, ಅದನ್ನು ಲಾಭ ಅಂತ ಎರಡು ಸಲ ಬರೀಬೇಡಿ.

ನಮ್ಮ ಜನಪ್ರತಿನಿಧಿಗಳಿಗೂ ಒಂದು ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಒಳ್ಳೇದು. ಜಿಲ್ಲಾ ಕಚೇರಿಗಳು ಬಂದವು, ಅದರ ಹಿಂದೆಯೇ ಹೊಸಪೇಟೆಯ ಬಾಡಿಗೆಯೂ ಏರಿತು. 371(ಜೆ)ಯಿಂದ ಓದಿದ ಮಕ್ಕಳಿಗೆ ಸೀಟು, ಸರ್ಕಾರಿ ಕೆಲಸ ಸಿಗುತ್ತಿದೆ, ಅದೂ ಒಳ್ಳೇದು. ಆದರೆ ದಾಸರಹಳ್ಳಿಯಲ್ಲಿ ಇರುವ ನಮ್ಮವರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ, ಐಟಿಐ ಓದಿದವರು. ಅವರಿಗೆ ಬೇಕಾದದ್ದು ಪಿಎಫ್ ಕಟ್ಟುವ ಫ್ಯಾಕ್ಟರಿ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ದಾಟಿ ಹರಿಹರಕ್ಕೆ ರೈಲು ಹಳಿ ಇದೆ. ಕೂಡ್ಲಿಗಿ ಪಕ್ಕದಲ್ಲೇ ನಾಲ್ಕು ಪಥದ ಹೆದ್ದಾರಿ ಇದೆ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷವೂ ಸಾವಿರಾರು ಕೋಟಿ ಘೋಷಣೆ ಆಗುತ್ತದೆ. ಅದರಲ್ಲಿ ಇನ್ನೊಂದು ಸಮುದಾಯ ಭವನದ ಬದಲು, ಐನೂರು ಹೆಣ್ಣುಮಕ್ಕಳು ಕೂತು ಹೊಲಿಯುವ, ಪಗಾರದ ಚೀಟಿ ಕೊಡುವ ಒಂದು ಶೆಡ್ ಈ ಐದು ತಾಲ್ಲೂಕಿನಲ್ಲಿ ಎಲ್ಲಿಯಾದರೂ ಬರಲಿ. ಮತ ಕೇಳಲು ಬಂದಾಗ ನೀವೂ ಇದನ್ನೇ ಕೇಳಿ.

ಅಕ್ಕನ ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಇಷ್ಟು. ಅವಳ 10 ವರ್ಷದ ಸೇವೆ ತುಂಬಲು ಇನ್ನು 20 ತಿಂಗಳು. ಅಲ್ಲಿಯವರೆಗೆ ದಾಸರಹಳ್ಳಿ. ಮಾಲೀಕರ ಜೊತೆ ಮಾತಾಡಿ ಏರಿಕೆಯನ್ನು 500ಕ್ಕೆ ಇಳಿಸಿಕೊಂಡಿದ್ದಾರೆ. ಭಾವ ಎರಡು ವಾರಕ್ಕೊಮ್ಮೆ ಶನಿವಾರ ರಾತ್ರಿ ಊರಿಗೆ ಬರುತ್ತಾರೆ. ಪಕ್ಕದ ಮನೆಯ ಹುಡುಗನಿಗೆ ತಿಂಗಳಿಗೆ 1,500 ಕೊಟ್ಟು ಅಪ್ಪನನ್ನು ಬೆಳಿಗ್ಗೆ-ಸಂಜೆ ಎತ್ತಿ ಕೂರಿಸಲು ಹೇಳಿದ್ದಾರೆ. ಈ ಖರ್ಚೆಲ್ಲ ಕಳೆದರೆ ಕೈಯಲ್ಲಿ ಉಳಿಯೋದು ಬಹಳ ಕಡಿಮೆ. ಅತ್ತೆಗೆ ಇದು ಸಮಾಧಾನ ಅಲ್ಲ. "ಇಪ್ಪತ್ತು ತಿಂಗಳು ಅವರು ಇರ್ತಾರೋ ಇಲ್ಲೋ" ಅಂದರಂತೆ. ಆ ಮಾತಿಗೆ ನನ್ನ ಹಾಳೆಯಲ್ಲಿ ಉತ್ತರ ಇರಲಿಲ್ಲ.

ನೋಟ್‌ಬುಕ್ಕಿನ ಆ ಹಾಳೆಯನ್ನು ಅಕ್ಕ ಹರಿದು ರೇಷನ್ ಕಾರ್ಡ್ ಜೊತೆ ಇಟ್ಟಿದ್ದಾಳೆ. ನಿಮ್ಮ ಮನೆಯಲ್ಲೂ ಈ ಮಾತು ನಡೆದಿದ್ದರೆ ಇವತ್ತು ಸಂಜೆ ಒಂದು ಹಾಳೆ ತಗೊಳ್ಳಿ. ಎಡಗಡೆ ಈಗಿನ ಊರು, ಬಲಗಡೆ ಹೋಗಬೇಕೆಂದಿರುವ ಊರು. ಬಾಡಿಗೆಯ ಸಾಲು ಕೊನೆಗೆ ಬರೆಯಿರಿ. ಮೊದಲ ಸಾಲು ಮನೆಯ ಹೆಣ್ಣುಮಗಳ ದುಡಿಮೆ ಇರಲಿ, ಆ ಸಾಲನ್ನು ಅವಳ ಕೈಯಿಂದಲೇ ಬರೆಸಿ.